ಮೂರು ಗಾಲಿ ಗಾಡಿಗೆ ಚಾರ್ಜರ್

ಇಲ್ಲರೀ, ವಿಮಾನ ನಾ ಕೆಡವಿಲ್ಲ. ಮೊದಲನೇದು, ಅದು ಬಿದ್ದೇ ಇಲ್ಲ. ಎರಡನೇದು, ನಾ ಅದರಾಗ ಹಾರೇ ಇಲ್ಲ. ನೀವು ಬಾಯಿಬಿಟ್ಟು ಕೇಳಿಲ್ಲ, ಖರೆ. ಆದ್ರ ಕೊಪ್ಪಳದಾಗ ನಾ ಎಲ್ಲಿ ಚಹಾ ಕುಡ್ಯಾಕ ಕೂತ್ರೂ ಮಂದಿ ಹಂಗೇ ನೋಡ್ತಾರ. ಎಲೆಕ್ಟ್ರಿಕಲ್ ಡಿಪ್ಲೊಮಾ ಅರ್ಧಕ್ಕ ಬಿಟ್ಟಾಂವ, ವಿಮಾನದ ಕರೆಂಟ್ ಇವನ ಕೈಯಾಗ ಯಾರು ಕೊಟ್ರು ಅಂತ.

ಕೊಟ್ಟಿದ್ದು ಪೈಲಟ್ ಸಾಹೇಬ್ರು. ಊರ ಹೊರಗಿನ ಸಣ್ಣ ರನ್‌ವೇಗೆ ಹೊಲ-ಗುಡ್ಡದ ಫೋಟೊ ತೆಗ್ಯಾಕ ಒಂದು ಪುಟಾಣಿ ವಿಮಾನ ಬಂದಿತ್ತು. ಎರಡೇ ಸೀಟು. ಒಂದು ಸಾಹೇಬ್ರದು, ಇನ್ನೊಂದು ಖಾಲಿ. ಅವರು ದಾರಿ ನೋಡೂದು ಒಂದು ಟ್ಯಾಬಿನ್ಯಾಗ, ಆ ಟ್ಯಾಬು ದಿನಾ ಅರ್ಧ ದಾರ್ಯಾಗ ಸಾಯೂದು. ನಾನು ರನ್‌ವೇ ಮ್ಯಾಲಿನ ಕುರಿ ಓಡಸಾಕ ಸೇರಿದಾಂವ. ಸಾಹೇಬ್ರು ಮೈಸೂರು ಕಡ್ಯಾರು, ಮೆತ್ತಗ ಅಂದ್ರು: "ನೋಡಪ್ಪಾ, ಈ ಟ್ಯಾಬ್ ಯಾವತ್ತು ಪೂರ್ತಿ ಬದುಕಿ ವಾಪಸ್ ಬರತ್ತೋ, ಅದರ ಮಾರನೇ ದಿನ ಆ ಸೀಟು ನಿಂದು."

ಅವತ್ತಿಂದ ನನ್ನ ಜೀವ ಆ ಬ್ಯಾಟರಿಯೊಳಗ. ವಾರಕ್ಕೊಂದು ಏನರೆ ಆಗೂದು, ಸೀಟು ಒಂದು ಮೊಳ ದೂರ ಹೋಗೂದು.

ಎಷ್ಟು ಗಾಲೀದು?

ಮೊದಲ ನಾ ಕಾರಿನ ಚಾರ್ಜರ್ ಹಚ್ಚಿದೆ. ಹೊಗಿ ಬಂತು. ಕಾರಿನ್ಯಾಗ ಹನ್ನೆರಡು ವೋಲ್ಟ್, ಈ ವಿಮಾನದಾಗ ಇಪ್ಪತ್ತೆಂಟು. ಇದು ಕಾಲೇಜಿನ್ಯಾಗ ಹೇಳಿರಬೇಕು, ನಾ ಅವತ್ತು ಹೋಗಿರಾಕಿಲ್ಲ. ಅಷ್ಟು ತಡ್ಯೂದು ಲಾರಿ ಚಾರ್ಜರ್ ಅಂತ ತಿಳಕೊಂಡು ಬೈಕ್ ಹತ್ತಿ ಕುಷ್ಟಗಿಗೆ ಹೋದೆ. ಅಲ್ಲಿ ಹೈವೇ ಬಾಜೂಕ ಲಾರಿ ಸಾಮಾನಿನ ಅಂಗಡಿ. ಅಂಗಡಿಯಾಂವ ತಲಿ ಎತ್ತಲಿಲ್ಲ.

"ಯಾವ ಗಾಡಿಗೆ?"

"ವಿಮಾನಕ್ರಿ."

"ಹತ್ತು ಗಾಲೀದೋ, ಹನ್ನೆರಡೋ?"

"ಮೂರು ಗಾಲೀದು."

"ಅಂದ್ರ ಆಟೋ ಅನ್ನಲೇ, ದೊಡ್ಡಸ್ತಿಕಿ ನೋಡು!"

ಕಡೀಕ ಒಂದು ಲಾರಿ ಚಾರ್ಜರ್ ಕೊಟ್ಟ. ಕೇಬಲ್ ಹಾಕಾಕ ಒಂದೇ ತೂತು, ಸುತ್ತ ಕೆಂಪು-ಹಸರು ಮಿಣಿಮಿಣಿ ಲೈಟು, ದೃಷ್ಟಿಗೆ ಒಂದು ಕರಿ ಗೊಂಡೆ ಪುಕ್ಕಟೆ. ಸಾಹೇಬ್ರು ಕೇಳಿದ್ರು, "ಇದ್ಯಾಕೆ ಮಿನುಗ್ತಾ ಇದೆ?"

"ಹಿಂದ ಬರೋ ಗಾಡಿಯವ್ರಿಗೆ ಕಾಣಲಿ ಅಂತರಿ" ಅಂದೆ.

ಮಜ್ಜಿಗಿ ಬಾಜೂಕ

ಚಾರ್ಜ್ ತುಂಬಾಕ ಹತ್ತಿತು. ಆದ್ರೂ ಟ್ಯಾಬು ಸಾಯೂದು ನಿಲ್ಲಲಿಲ್ಲ. ನಮ್ಮ ಬ್ಯಾಸಿಗಿ ನಿಮಗ ಗೊತ್ತಲ್ಲ, ಗಾಜಿನ ಹಿಂದ ಕೂತ ಟ್ಯಾಬು ಕಾದ ಹಂಚು. 'ನಾ ಭಾಳ ಬಿಸಿ ಆಗೇನಿ' ಅಂತ ಬರದು ತಾನೇ ಬಂದ್ ಆಗೂದು. ಮಧ್ಯಾಹ್ನ ಮತ್ತ ಹಾರೂದಿತ್ತು. ಟ್ಯಾಬನ್ನ ವಾಚ್‌ಮನ್ ಕಾಕಾನ ಕೈಯಾಗ ಕೊಟ್ಟು, "ಕಾಕಾ, ಇದನ್ನ ಸ್ವಲ್ಪ ತಂಪಿನ್ಯಾಗ ಇಡು" ಅಂದು ಕುರಿ ಹಿಂದ ಓಡಿದೆ.

ಹೊಳ್ಳಿ ಬರೂದ್ರಾಗ ಸಾಹೇಬ್ರು ಶೆಡ್ ತುಂಬ ಹುಡುಕಾಕತ್ತಿದ್ರು. ಕಾಕಾ ಸಾವಕಾಶ ಮೂಲ್ಯಾಗಿನ ಹಸೀ ಗೋಣಿಚೀಲ ಎತ್ತಿದ. ಉಸುಕಿನ ಮ್ಯಾಲ ಮಜ್ಜಿಗಿ ಗಡಿಗಿ, ಅದರ ಬಾಜೂಕ ಎರಡು ಉಳ್ಳಾಗಡ್ಡಿ, ನಡುವ ಒಂದು ಪ್ಲಾಸ್ಟಿಕ್ ಚೀಲದಾಗ ಮಲಗಿದ ಟ್ಯಾಬು. ಪುಣ್ಯಕ್ಕ ಒಂದು ಹನಿ ತಾಗಿರಲಿಲ್ಲ.

"ಏನ್ರೀ ಇದು?" ಅಂದ್ರು ಸಾಹೇಬ್ರು.

"ಗಡಬಡ ಮಾಡಬ್ಯಾಡ್ರಿ ಸಾಹೇಬ್ರ. ನೀವೂ ಒಂದು ಲೋಟ ಮಜ್ಜಿಗಿ ಕುಡೀರಿ. ನೀವು ಬಿಸಿ ಆದ್ರ ಅದೂ ಬಿಸಿ ಆಗತೈತಿ" ಅಂದ ಕಾಕಾ.

ಸಾಹೇಬ್ರು ಎರಡು ಲೋಟ ಕುಡದ್ರು.

ಹಣಿ ಇಲ್ಲದ್ದು

ಆಮ್ಯಾಲ ಕಾಕಾ ಹುಣ್ಣಿವಿಗೆ ಹುಲಿಗೆಮ್ಮನ ದರ್ಶನಕ್ಕ ಹುಲಿಗಿಗೆ ಹೋಗಿ ಬಂದ. ಮುಂಜಾನಿ ನೋಡಿದ್ರ ವಿಮಾನದ ಮೂಗು ಹಳದಿ, ಮೂರೂ ಗಾಲಿ ಹಳದಿ, ಕುರಿ ಓಡಸೋ ನನ್ನ ಕೋಲೂ ಹಳದಿ. ತಾಯಿ ಭಂಡಾರ ಯಾವುದಕ್ಕೂ ಕಡಿಮಿ ಬಿದ್ದಿರಲಿಲ್ಲ. ಟ್ಯಾಬಿಗೆ ಕೇಬಲ್ ಹಚ್ಚಿದೆ, ಒಳಗ ಹೋಗವಲ್ದು. ಟಾರ್ಚ್ ಹಚ್ಚಿ ನೋಡಿದ್ರ ಚಾರ್ಜಿಂಗ್ ತೂತಿನ ತುಂಬ ಅರಿಶಿಣ ಗಟ್ಟಿಯಾಗಿ ಕುಂತೈತಿ.

"ಕಾಕಾ, ಎಲ್ಲಾ ಬಿಟ್ಟು ಇಲ್ಲಿ ಯಾಕ ತುಂಬಿದ್ಯೋ?"

"ಮತ್ತೆಲ್ಲಿ ಹಚ್ಚಲಿ? ಹಣಿ ಹುಡುಕಿದೆ, ಸಿಗಲಿಲ್ಲ. ಬಾಯಿ ಸಿಕ್ತು, ಪ್ರಸಾದ ಹಾಕಿದೆ."

ಹಲ್ಲುಜ್ಜೋ ಬ್ರಷ್ಷು ಹಿಡಕೊಂಡು ಒಂದು ತಾಸು ಕೆತ್ತಿದೆ. ಆದ್ರ ಸುಳ್ಳು ಹೇಳಂಗಿಲ್ಲ, ಅವತ್ತು ಟ್ಯಾಬು ಗಂಗಾವತಿ ದಾಟಿ, ಹೇಮಗುಡ್ಡ ಸುತ್ತಿ, ಬದುಕಿ ವಾಪಸ್ ಬಂತು. ನಾನು ಲಾರಿ ಚಾರ್ಜರಿಂದ ಅಂದೆ. ಸಾಹೇಬ್ರು ಮಾತ್ರ ಕಾಕಾನ ಹಂತೇಕ ಹೋಗಿ ತಮ್ಮ ಹಣಿ ಚಾಚಿದ್ರು.

ಮಾಳಗಿ ಮ್ಯಾಲ ಸಂಡಗಿ

ಅಂದ್ರ ನಾಳೆ ಸೀಟು ನಂದು! ಮನ್ಯಾಗ ಹೇಳಿದೆ. ನಮ್ಮವ್ವ ಓಣಿಗೆ ಹೇಳಿದ್ಲು. ಯಲಬುರ್ಗಾದ ಅತ್ತಿ ಫೋನ್ ಮಾಡಿದ್ಲು: "ನಮ್ಮ ಮನಿ ಮ್ಯಾಲ ಬಂದಾಗ ಸಾವಕಾಶ ಹೋಗ್ರಿಪಾ, ಮಾಳಗಿ ಮ್ಯಾಲ ಸಂಡಗಿ ಒಣಾ ಹಾಕೀನಿ. ವಿಡಿಯೊ ಕಾಲ್ ಮಾಡು, ನಾನೂ ನೋಡ್ತೀನಿ."

ಮುಂಜಾನಿ ಹೊಸಾ ಅಂಗಿ ಹಾಕ್ಕೊಂಡು ಸೀಟಿನ್ಯಾಗ ಕೂತೆ. ಬೆಲ್ಟ್ ಬಿಗದೆ. ಹಿಂದಿನ ರಾತ್ರಿ ಕರೆಂಟ್ ಹೋಗಿ ಟ್ಯಾಬಿನ್ಯಾಗ ಬರೇ ಮೂವತ್ತು ಪರ್ಸೆಂಟ್ ಇತ್ತು. "ಪರವಾಗಿಲ್ಲ, ನಿನ್ನ ಲಾರಿ ಚಾರ್ಜರ್ ಇದೆಯಲ್ಲ, ಹಾಕು" ಅಂದು ಸಾಹೇಬ್ರು ಇಂಜಿನ್ ಹಚ್ಚಿದ್ರು. ಲೈಟು ಮಿಣಿಮಿಣಿ ಅಂದುವು. ಟ್ಯಾಬು ಇಪ್ಪತ್ತೊಂಬತ್ತು ಅಂತು. ಇಪ್ಪತ್ತೆಂಟು ಅಂತು. ಇಪ್ಪತ್ತಾರು ಅಂತು.

ಸಾಹೇಬ್ರು ಇಂಜಿನ್ ಬಂದ್ ಮಾಡಿದ್ರು. ಚಾರ್ಜರಿಂದ ಹೊಂಟ ಕೇಬಲ್ ಬೆರಳಿನ್ಯಾಗ ಹಿಡಕೊಂಡು ಸಾವಕಾಶ ಕೈ ಸರಿಸಿದ್ರು. ಗೊಂಡೆ ದಾಟಿ, ಸೀಟಿನ ಅಡ್ಯಾಗ ಹಾಯ್ದು, ಅವರ ಕೈ ನನ್ನ ತೊಡಿ ಬಾಜೂಕ ಬಂದು ನಿಂತಿತು. ಅಲ್ಲಿ ನನ್ನ ಫೋನಿತ್ತು. ಹನ್ನೊಂದು ಪರ್ಸೆಂಟ್, ಏರಾಕತ್ತಿತ್ತು.

"ಸರ, ನಾಕು ಪರ್ಸೆಂಟ್ ಇತ್ರಿ" ಅಂದೆ. "ಅತ್ತಿಗೆ ವಿಡಿಯೊ ಕಾಲ್..."

ಅವರು ಬೈಯಲಿಲ್ಲ. ಬೈದಿದ್ರ ಛಲೋ ಇತ್ತು. ಚೀಲದಾಗಿಂದ ಕಾಗದದ ನಕಾಶಿ ತೆಗದ್ರು, ಮಡಿಕಿ ಬಿಚ್ಚಿದ್ರು. ಅದು ಬಿಚ್ಚತಾ ಹೋತು, ಬಿಚ್ಚತಾ ಹೋತು, ನನ್ನ ತೊಡಿ ಮ್ಯಾಲೆಲ್ಲ ಹಾಸಿಕೊಂತು.

"ಇದಕ್ಕೆ ಚಾರ್ಜ್ ಬೇಡಪ್ಪಾ" ಅಂದ್ರು. "ಹರಡೋಕೆ ಒಂದು ಸೀಟು ಬೇಕು, ಅಷ್ಟೇ."

ನಾ ಬೆಲ್ಟ್ ಬಿಚ್ಚಿದೆ. ಒಂದು ಕಾಲು ಹೊರಗ ಇಟ್ಟಿದ್ದೆ, ಚಾರ್ಜಿಗೆ ಹಚ್ಚಿದ್ದ ಫೋನು ಹೊಡ್ಕೊಂತು. ಅತ್ತಿ ವಿಡಿಯೊ ಕಾಲ್. ನಾ ಕೈ ಚಾಚೂದ್ರಾಗ ಸಾಹೇಬ್ರು ಕರಿ ಚಷ್ಮಾ ಏರಿಸಿಕೊಂಡು ಎತ್ತೇಬಿಟ್ರು.

"ಯವ್ವಾ! ಎಷ್ಟು ಛಲೋ ಕಾಣ್ತಿಲೇ!" ಅಂದ್ಲು ಅತ್ತಿ. "ಮ್ಯಾಲ ಹೋದ ಕೂಡ್ಲೇ ಬೆಳ್ಳಗ ಆಗೀಯಲ್ಲೋ!"

"ಹೂಂ ಅತ್ತೆ, ಸಂಡಿಗೆ ಎತ್ತಿಟ್ಕೊಳ್ಳಿ, ಬರ್ತಾ ಇದೀನಿ" ಅಂದ್ರು ಸಾಹೇಬ್ರು.

ನಾನು ಇಳದು ಬಾಗಲಾ ಹಾಕಿದೆ.