ಒತ್ತಾಯವಿಲ್ಲದ ಊಟ

ಒಳ್ಳೆಯ ವಿಚಾರ ಹೊಳೆಯುವುದು ಸುಲಭ, ಅದನ್ನು ಮತ್ತೊಬ್ಬರ ತಲೆಗೆ ದಾಟಿಸುವುದೇ ಕಷ್ಟ ಎಂದು ನಾನು ಬಹಳ ಕಾಲ ನಂಬಿದ್ದೆ. ಸುಳ್ಳು. ದಾಟಿಸಿದ ಮೇಲೆ ಅದು ನಮ್ಮದೆಂದು ಸಾಧಿಸುವುದಿದೆಯಲ್ಲ, ಪ್ರಾಣ ಹೋಗುವುದು ಅಲ್ಲಿ.

ನನ್ನ ವಿಚಾರ ಸಣ್ಣದು. ನಮ್ಮ ಕಡೆಯ ಮದುವೆ ಮುಂಜಿಗಳಲ್ಲಿ ಪಂಕ್ತಿಗೆ ಕೂತವರಿಗೆ ಒತ್ತಾಯ ಮಾಡಿ ಬಡಿಸಬಾರದು, ಅಷ್ಟೆ. ನಮ್ಮವರ ಒತ್ತಾಯ ಬರೀ ಬಾಯಿಮಾತಿನದಲ್ಲ. ಹೋಳಿಗೆ ಬೇಡವೆಂದು ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ತೂರಿಸುತ್ತಾರೆ. ಎಲೆಯ ಮೇಲೆ ಬಗ್ಗಿ ಕೂತರೆ ಹಿಂದಿನಿಂದ ಬಂದು ಬಾಯಿಗೇ ತುರುಕುತ್ತಾರೆ. ಹಾಗೆ ಬಡಿಸಿದ್ದರಲ್ಲಿ ಅರ್ಧ ಎಲೆಯ ಜೊತೆಗೇ ಹೊರಗೆ ಹೋಗುತ್ತದೆ. ಇದನ್ನು ನೋಡಿ ನೋಡಿ ಹೊಟ್ಟೆ ಉರಿದು, ಕುಮಟಾದ ನಮ್ಮ ಮನೆಗೆ ಬಂದವರಿಗೆ, ನಾನು ಗುಮಾಸ್ತನಾಗಿರುವ ಕಾಲೇಜಿನಲ್ಲಿ ಪಕ್ಕದ ಮೇಜಿನವರಿಗೆ, ಭಟ್ಕಳದ ಕಡೆ ಹೋಗುವ ರೈಲಿನಲ್ಲಿ ಎದುರು ಕೂತ ಅಪರಿಚಿತರಿಗೂ ಉಪದೇಶ ಮಾಡಿದೆ. ಎಲ್ಲರೂ ತಲೆಯಾಡಿಸಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿಯಂತೂ, ಜಿಪುಣತನಕ್ಕೂ ಒಂದು ತತ್ವ ಬೇಕೇ ಎಂದು ಕೇಳಿದಳು. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಆ ಗಿಡವನ್ನು ಬುಡಸಮೇತ ಕಿತ್ತುಕೊಂಡು ಹೋಗಿ ತನ್ನ ಅಂಗಳದಲ್ಲಿ ನೆಟ್ಟವನು ಅವಳ ತಮ್ಮ ಗಣಪತಿ. ಹೊನ್ನಾವರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ನಮ್ಮ ಜಗಲಿಯಲ್ಲಿ ಕೂತು ನನ್ನ ಮಾತು ಕೇಳುವಾಗ ಬಾಯಿತುಂಬ ಆಕಳಿಸಿದವನು, ಮಳೆಗಾಲ ಕಳೆಯುವಷ್ಟರಲ್ಲಿ ನೆಂಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಕೇಳಿ ಬಡಿಸೋಣ' ಎಂಬ ಅಭಿಯಾನ ಶುರುಮಾಡಿದ. ಆ ಎರಡು ಶಬ್ದಗಳೂ ನನ್ನವೇ! ಜನ ಹೂವು, ಮುಗಿದ ಕೈಗಳ ಚಿತ್ರ ಕಳಿಸಿದ್ದೇ ಕಳಿಸಿದ್ದು. ಮುರ್ಡೇಶ್ವರದ ಒಂದು ಮದುವೆಯಲ್ಲಿ ಅವನಿಗೆ ಶಾಲನ್ನೂ ಹೊದೆಸಿದರು. ಆ ಫೋಟೋ ನೋಡಿದ ದಿನ ನನಗೆ ಅನ್ನ ಸೇರಲಿಲ್ಲ. ಅವನ ಅಂಗಡಿಯಿಂದ ಮೊಳೆ ಕದ್ದರೆ ಕಳ್ಳತನ, ಭಾವನ ತಲೆಯಿಂದ ವಿಚಾರ ಕದ್ದರೆ ಸಮಾಜಸೇವೆ. ಹೆಂಡತಿಗೆ ಹೇಳಿದರೆ, ಕೆಲಸ ಆಯಿತಲ್ಲ, ಯಾರ ಹೆಸರಾದರೇನು ಎಂದಳು. ಹೆಸರು ತಮ್ಮನದಾದಾಗ ಅಕ್ಕನಿಗೆ ಇಂಥ ವೈರಾಗ್ಯ ಬರುತ್ತದೆ.

ಕಳೆದ ತಿಂಗಳು ಗಣಪತಿಯ ಹೊಸ ಮನೆಯ ಗೃಹಪ್ರವೇಶ. ನಾಲ್ಕು ಜನರೆದುರು ಈ ಅನ್ಯಾಯ ಕೇಳಿಯೇ ಬಿಡುವುದೆಂದು ಹಲ್ಲು ಕಡಿಯುತ್ತ ಹೋದೆ. ಬೆಳಗಿನ ತಿಂಡಿ ಬಿಟ್ಟಿದ್ದೆ, ಸಿಟ್ಟಿನಿಂದಲ್ಲ, ಹೋಳಿಗೆಗಾಗಿ. ಹೆಂಡತಿಯ ಕಡೆಯ ಹಿರಿಯರ ಸಾಲಿನಲ್ಲಿ ನನ್ನನ್ನೂ ಕೂರಿಸಿದರು. ಹೋಳಿಗೆಯ ಬುಟ್ಟಿ ಬಂತು. ಬಡಿಸುವವರು ಹಾಕಲೇ ಎಂದು ಕೇಳಿದರು. ನಮ್ಮಲ್ಲಿ ಮೊದಲ ಸಲ ಬೇಡವೆನ್ನುವುದು ಹೊಟ್ಟೆಯ ಮಾತಲ್ಲ, ಬರೀ ಮರ್ಯಾದೆ. ಅದನ್ನು ನಂಬುವವನು ಈ ಸೀಮೆಯವನೇ ಅಲ್ಲ. ನಾನು ವಾಡಿಕೆಯಂತೆ ಬೇಡ ಬೇಡ ಎಂದೆ. ಆ ಪುಣ್ಯಾತ್ಮರು "ಆತು" ಎಂದು ಮುಂದೆ ಹೋದರು. ನನ್ನ ಪಕ್ಕದಲ್ಲಿದ್ದ ಹೆಂಡತಿಯ ದೊಡ್ಡಪ್ಪನೂ ಬೇಡವೆಂದರು, ಅವರನ್ನೂ ದಾಟಿದರು. ಸಾಲಿಗೆ ಸಾಲೇ ಬೇಡವೆಂದಿತು, ಬುಟ್ಟಿ ತುಂಬಿದ ಹಾಗೆಯೇ ಒಳಗೆ ಹೋಯಿತು. ಇನ್ನೊಮ್ಮೆ ಬಂದೀತೆಂದು ಎಲ್ಲರೂ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತೆವು. ಬಂದದ್ದು ಮಜ್ಜಿಗೆ.

ದೊಡ್ಡಪ್ಪ ಒಮ್ಮೆ ಎಲೆ ನೋಡಿದರು, ಒಮ್ಮೆ ಉಪಚಾರಕ್ಕೆ ಬಂದ ಗಣಪತಿಯನ್ನು ನೋಡಿದರು.

"ಇದು ಯಾರ ತಲೇಲಿ ಹುಟ್ಟಿದ್ದೊ ತಮಾ?"

ಪಂಕ್ತಿಯ ಕೈಗಳೆಲ್ಲ ನಿಂತವು. ಗಣಪತಿ ಹಿರಿಯರ ಮುಖಗಳನ್ನು ಸಾವಕಾಶ ಓದಿಕೊಂಡ. ಆಮೇಲೆ ಕೈಮುಗಿದು, ಕೊನೆಯ ಎಲೆಯವರಿಗೂ ಕೇಳುವಂತೆ ಹೇಳಿದ: "ಇದು ಪೂರಾ ನಮ್ಮ ಭಾವನ ವಿಚಾರ. ನಂದು ಎಂತದೂ ಇಲ್ಲೆ."

ಇಷ್ಟು ದಿನ ನಾನು ಕಾದು ಕೂತಿದ್ದ ಮಾತು ಅದು. ಹಸಿದ ಮುಖಗಳೆಲ್ಲ ಒಟ್ಟಿಗೇ ನನ್ನ ಕಡೆ ತಿರುಗಿದವು. ಛೆ, ನನ್ನದಲ್ಲ, ಎಲ್ಲ ಶ್ರೇಯಸ್ಸೂ ಗಣಪತಿಯದೇ, ನನಗೆ ಬೇಡ ಎಂದು ಎರಡೂ ಕೈ ಆಡಿಸಿದೆ. ಆ ಬೇಡವನ್ನು ಮಾತ್ರ ಒಬ್ಬರೂ ನಂಬಲಿಲ್ಲ.