ಚಾಕು ಕೈಗೆ ಕೊಡುವುದಿಲ್ಲ

ಬಟ್ಟೆ ಅಂಗಡಿಗೆ ಬಂದವರು ಬಟ್ಟೆ ಕೊಂಡು ಹೋಗುತ್ತಾರೆ, ಔಷಧಿ ಅಂಗಡಿಗೆ ಬಂದವರು ಔಷಧಿ ಕೊಂಡು ಹೋಗುತ್ತಾರೆ. ಚಾಕು ಅಂಗಡಿಗೆ ಬಂದವರು ಮಾತ್ರ ಚಾಕು ಕೊಂಡು, ಬದಲಿಗೆ ಒಂದು ಕಥೆ ಬಿಟ್ಟು ಹೋಗುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದೊಂದು ಚಾಕು ಅಂಗಡಿ. ಅಲ್ಲಿ ವ್ಯಾಪಾರವಾಗದ ದಿನಗಳಿವೆ, ನಗು ಬಾರದ ದಿನ ಇಲ್ಲ.

ಅಂಗಡಿ ಅಪ್ಪನದು. ಅಪ್ಪ ಭದ್ರಾವತಿಯವರು, ಕಾರ್ಖಾನೆಯ ಸೈರನ್ ಕೇಳಿ ಏಳುತ್ತಾ ಬೆಳೆದವರು. ಹಾಗಾಗಿ ಕಬ್ಬಿಣದ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬ. ನನಗೆ ಸ್ವಲ್ಪವಲ್ಲ, ಪೂರ್ತಿ ಜಂಬ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಒಬ್ಬಳೇ ಮಗಳಾದ ನಾನು ಗಲ್ಲಾದ ಮುಂದೆ ಕೂತೆ. ಅಪ್ಪ ಹೋದ ಮೇಲೂ ಎದ್ದಿಲ್ಲ.

ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿದ್ದಾರೆ. ಒಳ್ಳೆಯ ಮನುಷ್ಯ. ಅವರ ದೃಷ್ಟಿಯಲ್ಲಿ ನನಗಿರುವ ಒಂದೇ ಕಾಯಿಲೆ ಈ ಅಂಗಡಿ. "ನಿನ್ನ ಅಂಗಡೀನ ಬಾಡಿಗೆಗೆ ಕೊಟ್ಟು ಮನೇಲಿ ಹಾಯಾಗಿರು ಮಾರಾಯ್ತಿ" ಎನ್ನುವುದು ಅವರ ನಿತ್ಯದ ಮಂತ್ರ. ಮೊದಲು ಎಸ್‌ಟಿಡಿ ಬೂತಿನವರಿಗೆ ಕೊಡು ಎಂದರು, ಆಮೇಲೆ ಗಿಫ್ಟ್ ಸೆಂಟರಿನವರಿಗೆ, ಕೊನೆಗೆ ಮೊಬೈಲಿನವರಿಗೆ. ಕೇಳುವವರು ಬದಲಾದರು, ಇವರ ಮಂತ್ರ ಬದಲಾಗಲಿಲ್ಲ.

೧. ಕೌಂಟರ್

ನಮ್ಮ ಕಡೆ ಚಾಕು, ಕತ್ತರಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಂಬುತ್ತೀಯಾ ಎಂದು ಕೇಳಬೇಡಿ. ದಿನವಿಡೀ ಅಪರಿಚಿತರಿಗೆ ಚಾಕು ಕೊಡುವವಳು ನಾನು, ಜಗಳದ ರಿಸ್ಕು ತೆಗೆದುಕೊಳ್ಳಲು ಆಗುವುದಿಲ್ಲ.

ಒಮ್ಮೆ ಉತ್ತರದ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ತರಕಾರಿ ಚಾಕು ಕೇಳಿ ಕೈ ಚಾಚಿದರು. ನಾನು ಕೌಂಟರ್ ಮೇಲಿಟ್ಟೆ. ಇನ್ನೊಂದು ತೋರಿಸಿ ಎಂದು ಮತ್ತೆ ಕೈ ಚಾಚಿದರು. ಮತ್ತೆ ಕೌಂಟರ್ ಮೇಲಿಟ್ಟೆ. ಅವರ ಮುಖ ಕೆಂಪಾಯಿತು. ಗಿರಾಕಿಗೆ ಮರ್ಯಾದೆ ಕೊಡುವುದು ಗೊತ್ತಿಲ್ಲವೇ ಎಂದು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ರೇಗಿದರು. ಶಾಸ್ತ್ರ ಹೀಗೆ ಎಂದು ವಿವರಿಸಿದೆ. ಓದಿದವರು, ನಕ್ಕು ಚಾಕು ಎತ್ತಿಕೊಂಡು ಹೋದರು.

ಮುಂದಿನ ವಾರ ಬಂದಾಗ ಆ ನಗು ಇರಲಿಲ್ಲ. ಮನೆಗೆ ಹೋದವರೇ ಚಾಕುವನ್ನು ಹೆಂಡತಿಯ ಕೈಗೆ ಕೊಟ್ಟರಂತೆ. ಮನೆ ತುಂಬ ಚಾಕು ಇರುವಾಗ ಇನ್ನೊಂದು ಯಾಕೆ ಎಂದು ಶುರುವಾದದ್ದು ವಾರವಾದರೂ ಮುಗಿದಿಲ್ಲವಂತೆ.

"ಚಾಕು ಏನೋ ಚೆನ್ನಾಗಿದೆ ಮೇಡಂ" ಎಂದರು. "ನಮ್ಮನೇಲಿ ಕೌಂಟರ್ ಇಲ್ಲ, ಅದೇ ತೊಂದರೆ."

೨. ಚಪ್ಪಲಿ ಕುಯ್ಯುವ ಚಾಕು

ಕೇಬಲ್ ಟಿವಿ ಮನೆಮನೆಗೂ ಬಂದ ಕಾಲದಲ್ಲಿ ಅದರಲ್ಲೊಂದು ಚಾಕುವೂ ಬಂತು. ಟಿವಿಯಲ್ಲಿ ಒಬ್ಬ ಮನುಷ್ಯ ಆ ಚಾಕುವಿನಿಂದ ಮೊದಲು ಚಪ್ಪಲಿ ಕುಯ್ಯುತ್ತಿದ್ದ, ಆಮೇಲೆ ತಗಡು, ಅದಾದ ಮೇಲೆ ಟೊಮೇಟೊ. ಫೋನ್ ಮಾಡಿದರೆ ಮನೆಗೇ ಬರುತ್ತಿತ್ತು. ವಿನೋಬನಗರದ ನಮ್ಮ ಬೀದಿಯಲ್ಲಿ ಅದು ಇಲ್ಲದ ಮನೆ ಎಂದರೆ ನಮ್ಮದೇ.

ಆ ದಿನಗಳಲ್ಲಿ ಅಂಗಡಿಗೆ ಬಂದವರೆಲ್ಲ ನನಗೆ ಪರೀಕ್ಷೆ ಇಡುತ್ತಿದ್ದರು. ನಿಮ್ಮ ಚಾಕು ತಗಡು ಕುಯ್ಯುತ್ತಾ, ಮೊಳೆ ಕುಯ್ಯುತ್ತಾ. ನಮ್ಮ ಬೀದಿಯ ಹೆಂಗಸೊಬ್ಬರು ಒಂದು ದಿನ ಮೂಗು ಮುರಿದು, "ನಿಮ್ಮದು ಚಪ್ಪಲಿ ಕುಯ್ಯುತ್ತೇನ್ರೀ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಇವತ್ತು ನಿಮ್ಮನೇಲಿ ಯಾವುದರ ಪಲ್ಯ ಅಂತ ಮೊದಲು ಹೇಳಿ" ಎಂದೆ.

ಅವರು ದುಮುಗುಟ್ಟಿಕೊಂಡು ಹೋದರು. ಕೆಲವು ತಿಂಗಳಾದ ಮೇಲೆ ಅದೇ ಟಿವಿ ಚಾಕುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು, ಸಾಣೆ ಹಿಡಿಸಲು. ನೋಡಿದರೆ ಅಲಗಿಗೆಲ್ಲ ಗರಗಸದ ಹಲ್ಲು. ಅದನ್ನು ಸಾಣೆಕಲ್ಲಿಗೆ ಕೊಟ್ಟರೆ ಇರುವ ಹಲ್ಲೂ ಹೋಗುತ್ತದೆ. ಆಗುವುದಿಲ್ಲ ಎಂದೆ. ಈಗ ಅದು ಏನು ಹೆಚ್ಚುತ್ತಿದೆ ಎಂದೂ ಕೇಳಿದೆ.

ಅವರು ಆಚೀಚೆ ನೋಡಿ ಮೆಲ್ಲಗೆ ಹೇಳಿದರು: "ಟೊಮೇಟೊ ಜಜ್ಜುತ್ತೆ. ಚಪ್ಪಲಿ ಈಗಲೂ ಚೆನ್ನಾಗಿ ಕುಯ್ಯುತ್ತೆ."

೩. ಭದ್ರಾವತಿ ಬಸ್ಸು

ನಮ್ಮ ಚಾಕುಗಳನ್ನು ಮಾಡುವುದು ಭದ್ರಾವತಿಯ ಹಳೇ ನಗರದ ಕುಲುಮೆಯೊಂದರಲ್ಲಿ. ಲಾರಿಯ ಸ್ಪ್ರಿಂಗ್ ಪಟ್ಟಿ ತಟ್ಟಿ ಮಾಡಿದ ಅಲಗು, ಮರದ ಹಿಡಿ. ಅಪ್ಪನ ಕಾಲದಿಂದಲೂ ಅದೇ ಕುಲುಮೆ. ತಿಂಗಳಿಗೊಮ್ಮೆ ಹೋಗಿ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಪ್ರೈವೇಟ್ ಬಸ್ಸಿನಲ್ಲಿ ತರುತ್ತೇನೆ.

ಒಂದು ಸಲ ಚುನಾವಣೆಯ ಹೊತ್ತು. ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ದಾರಿಯಲ್ಲಿ ಚೀಲ ಕುಲುಕಿ, ಒಂದು ಚಾಕುವಿನ ತುದಿ ಗೋಣಿ ತೂರಿ ಹೊರಗೆ ಇಣುಕಿತು. ಪಕ್ಕದವರು ಅದನ್ನು ನೋಡಿದರು, ನನ್ನ ಮುಖ ನೋಡಿದರು, ಎದ್ದು ಹೋದರು. ಮೂರು ಜನರ ಸೀಟಿನಲ್ಲಿ ನಾನೊಬ್ಬಳೇ ಮಹಾರಾಣಿಯಂತೆ ಕೂತೆ. ಟಿಕೆಟ್ ಕೇಳುವಾಗ ಕಂಡಕ್ಟರ್ ಕೂಡ "ಅಮ್ಮಾ ತಾಯಿ" ಎಂದ.

ಊರ ಹತ್ತಿರ ತಪಾಸಣೆಗೆ ನಿಂತಿದ್ದ ಪೊಲೀಸರಿಗೆ ಆ ಭಕ್ತಿ ಇರಲಿಲ್ಲ. ಇಷ್ಟು ಚಾಕು ಯಾತಕ್ಕೆ ಎಂದರು. ಮಾರೋಕೆ ಎಂದೆ. ಯಾರಿಗೆ ಎಂದರು. ಕೇಳಿದವರಿಗೆಲ್ಲ ಎಂದೆ. ಈ ಉತ್ತರ ಸರಿಯಾಗಲಿಲ್ಲ. ಚೀಲದ ಸಮೇತ ಠಾಣೆಗೆ ಹೋಗಬೇಕಾಯಿತು.

ಠಾಣೆಯ ಸಾಹೇಬರ ಮುಂದೆಯೂ ನಾನು ಚಾಕು ಕೈಗೆ ಕೊಡಲಿಲ್ಲ, ಟೇಬಲ್ ಮೇಲಿಟ್ಟೆ. ಅಲ್ಲೇ ಇದ್ದ ಹಳೇ ಪೇಪರು ಎತ್ತಿ ಗಾಳಿಯಲ್ಲಿ ಹಿಡಿದು, ಇನ್ನೊಂದು ಚಾಕುವಿನಲ್ಲಿ ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಸೀಳಿ ತೋರಿಸಿದೆ. ಅಪ್ಪ ಕಲಿಸಿದ ವಿದ್ಯೆ. ಆಮೇಲೆ ಮೀಸೆಯ ಹೆಡ್‌ಕಾನ್‌ಸ್ಟೇಬಲ್ಲು ಕೆಮ್ಮಿ, ಈರುಳ್ಳಿಗೆ ಯಾವುದು ಒಳ್ಳೆಯದು ಎಂದು ಕೇಳಿದರು.

ಠಾಣೆಯಿಂದ ಹೊರಟಾಗ ನನ್ನ ಚೀಲ ಅರ್ಧ ಖಾಲಿಯಾಗಿತ್ತು. ವಶಪಡಿಸಿಕೊಂಡದ್ದಲ್ಲ ಮತ್ತೆ, ಕೊಂಡುಕೊಂಡದ್ದು. ಒಬ್ಬರಂತೂ ನಾದಿನಿಯ ಮನೆಗೂ ಸೇರಿಸಿ ಕೊಂಡರು.

೪. ಕಂಪ್ಯೂಟರಿನ ಚಾಕು

ಇಷ್ಟೆಲ್ಲ ಕೀರ್ತಿ ಗಳಿಸಿದವಳ ಮನೆಗೇ ಶತ್ರು ಬಂದ. ಇವರು ಮನೆಗೆ ಕಂಪ್ಯೂಟರ್ ತಂದು ಇಂಟರ್ನೆಟ್ ಹಾಕಿಸಿದರು. ಅದರಲ್ಲಿ ದೊಡ್ಡ ಸಂತೆಯೇ ಇತ್ತು, ಸೂಜಿಯಿಂದ ಸೋಫಾದವರೆಗೆ. ಒಂದು ಸಂಜೆ ನನ್ನನ್ನು ಕರೆದು ಚಾಕುಗಳ ಫೋಟೋ ತೋರಿಸಿದರು. ಇಷ್ಟು ಥರ ನಿನ್ನ ಅಂಗಡಿಯಲ್ಲಿದೆಯಾ ಎಂದು ಕೇಳಿದರು. ಇನ್ನು ಮುಂದೆ ಗಾಂಧಿ ಬಜಾರಿಗೆ ಬಂದು ಚಾಕು ಕೊಳ್ಳುವವರು ಯಾರು ಎಂದೂ ಕೇಳಿದರು. ಮೊಬೈಲಿನವರು ಮತ್ತೆ ಬಂದಿದ್ದರು ಎನ್ನುವುದನ್ನು ಕೊನೆಗೆ ಸೇರಿಸಿದರು.

ಪುಸ್ತಕ ತರಿಸಿ, ಗಡಿಯಾರ ತರಿಸಿ, ನಾನು ಬೇಡ ಎನ್ನುವುದಿಲ್ಲ. ಆದರೆ ಚಾಕುವನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಅಲಗಿಗೆ ಅಡ್ಡಲಾಗಿ ಹೆಬ್ಬೆರಳು ಸವರಿ ಕೊಳ್ಳಬೇಕು. ಮೊಂಡಾದರೆ ಹೋಗಿ ಬೈಯಲು ಒಬ್ಬ ಅಂಗಡಿಯವಳಿರಬೇಕು. ಇದನ್ನೆಲ್ಲ ಸಮಾಧಾನವಾಗಿ ಹೇಳಬಹುದಿತ್ತು. ನನ್ನ ನಾಲಿಗೆ ನನ್ನ ಚಾಕುವಿಗಿಂತ ಹರಿತ.

"ಆಯುಧಪೂಜೆಯೊಳಗೆ ನನ್ನ ಚಾಕುಗಿಂತ ಚೆನ್ನಾಗಿ ಹೆಚ್ಚೋದು ಒಂದನ್ನ ಅದರಿಂದ ತರಿಸಿ ತೋರ್ಸಿ. ಅಂಗಡಿ ಕೀ ನಾನೇ ನಿಮ್ಮ ಮುಂದೆ ಇಡ್ತೀನಿ" ಎಂದುಬಿಟ್ಟೆ.

ಅಪ್ಪನ ಅಂಗಡಿಯನ್ನು ಮಾತಿನ ಭರದಲ್ಲಿ ಪಣಕ್ಕಿಟ್ಟಿದ್ದೆ. ಅತ್ತೆ ಸಾಕ್ಷಿಯಾಗಿ ಅಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು.

ಇವರು ಆರ್ಡರ್ ಮಾಡಿದ ಚಾಕು ತಂದ ಕೊರಿಯರಿನವನಿಗೆ ವಿನೋಬನಗರದಲ್ಲಿ ನಮ್ಮ ಮನೆ ಸಿಗಲಿಲ್ಲ. ಡಬ್ಬಿಯ ಮೇಲೆ ಚಾಕುವಿನ ಚಿತ್ರವಿತ್ತು, ಯಾರೋ ಪುಣ್ಯಾತ್ಮರು ಚಾಕು ಎಂದರೆ ಅವರೇ ಎಂದು ಗಾಂಧಿ ಬಜಾರಿಗೆ ಕಳಿಸಿದ್ದಾರೆ. ಅಂಗಡಿ ತುಂಬ ಗಿರಾಕಿಗಳಿರುವಾಗ ಅವನು ಡಬ್ಬಿ ನೀಡಿದ. ಕೌಂಟರ್ ಮೇಲಿಡಪ್ಪ ಎಂದೆ. ಹೊಳೆಹೊನ್ನೂರಿನಿಂದ ಬಂದಿದ್ದ ಹಳೇ ಗಿರಾಕಿಯೊಬ್ಬರು ಚಿತ್ರ ನೋಡಿ, ಹಾಗಾದರೆ ನೀವೂ ಕಂಪ್ಯೂಟರಿನಿಂದಲೇ ತರಿಸಿ ಮಾರುವುದಾ ಎಂದು ಕೇಳಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರಾತ್ರಿ ಊಟವಾದ ಮೇಲೆ ಇವರು ಡಬ್ಬಿ ಬಿಚ್ಚಲು ಕೂತರು. ರಟ್ಟು ಸುಲಭವಾಗಿ ಬಂತು. ಒಳಗೆ ಕಲ್ಲಿನಂಥ ಪ್ಲಾಸ್ಟಿಕ್ಕು, ಅದರೊಳಗೆ ಚಾಕು. ಉಗುರಿನಲ್ಲಿ ನೋಡಿದರು, ಹಲ್ಲಿನಲ್ಲಿ ಕಚ್ಚಿದರು, ಸ್ಕೂಟರ್ ಕೀಯಲ್ಲಿ ತಿವಿದರು. ಪ್ಲಾಸ್ಟಿಕ್ಕು ಜಗ್ಗಲಿಲ್ಲ. ಕೊನೆಗೆ ನನ್ನ ಕಡೆ ನೋಡದೆ, ಒಂದು ಚಾಕು ಕೊಡ್ತೀಯಾ ಎಂದರು.

ನಾನು ಅಡುಗೆಮನೆಯಿಂದ ನಮ್ಮ ಅಂಗಡಿಯ ಚಾಕು ತಂದು ಅವರ ಮುಂದೆ ನೆಲದ ಮೇಲಿಟ್ಟೆ. ಒಂದೇ ಎಳೆತ, ಪ್ಲಾಸ್ಟಿಕ್ಕು ಸೀಳಿತು.

"ನಗಬೇಡ" ಎಂದರು. "ಪಂದ್ಯ ಇದ್ದಿದ್ದು ತರಕಾರಿ ಹೆಚ್ಚೋದಕ್ಕೆ. ಪ್ಯಾಕಿಂಗ್ ಲೆಕ್ಕಕ್ಕಿಲ್ಲ."

೫. ಕುಂಬಳಕಾಯಿ

ನಿಜ ಹೇಳಬೇಕಲ್ಲ, ಆ ಚಾಕು ಚೆನ್ನಾಗಿಯೇ ಹೆಚ್ಚಿತು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಇವರು ದಿನಾ ಅಡುಗೆಮನೆಗೆ ಬಂದು ಸೌತೆಕಾಯಿ ಹೆಚ್ಚಿದ್ದೇ ಹೆಚ್ಚಿದ್ದು. ಮದುವೆಯಾದಾಗಿನಿಂದ ಅಡುಗೆಮನೆಗೆ ಕಾಲಿಡದ ಮಗ ಕೋಸಂಬರಿ ಮಾಡುತ್ತಾನೆಂದು ಅತ್ತೆಗೆ ಹಿಗ್ಗು. ನಾನು ತಲೆ ತಗ್ಗಿಸಿ ಕೋಸಂಬರಿ ತಿಂದೆ. ಮೊಬೈಲಿನವರು ಆಯುಧಪೂಜೆಯ ದಿನವೇ ಅಂಗಡಿ ಅಳೆಯಲು ಬರುತ್ತೇವೆಂದು ಹೇಳಿ ಕಳಿಸಿದರು.

ಆ ದಿನ ಬೆಳಗ್ಗೆ ನಾನು ಅಂಗಡಿಗೆ ಹೋಗಿ ಸಾಣೆಯಂತ್ರಕ್ಕೂ ಅಪ್ಪನ ಹಳೇ ಚಾಕುವಿಗೂ ಪೂಜೆ ಮಾಡಿದೆ. ಇತ್ತ ಮನೆಯಲ್ಲಿ ಅತ್ತೆ ಮನೆಯ ಚಾಕು, ಕತ್ತರಿ, ಈಳಿಗೆಮಣೆಯನ್ನೆಲ್ಲ ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ತರಕಾರಿಯೆಲ್ಲ ಮೊದಲೇ ಹೆಚ್ಚಿಟ್ಟಿದ್ದರು, ಒಂದು ಸಿಹಿಗುಂಬಳ ಬಿಟ್ಟು. ಇಡೀ ಕುಂಬಳಕಾಯಿಗೆ ನಮ್ಮಲ್ಲಿ ಹೆಂಗಸರು ಮೊದಲ ಏಟು ಹಾಕುವುದಿಲ್ಲ, ಗಂಡಸರೇ ಒಡೆದು ಕೊಡಬೇಕು. ಮನೆಯ ಗಂಡಸು ಸ್ಕೂಟರ್ ತೊಳೆಸಲು ಹೋದವರು ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಹೊರಗೆ ಉಳಿದದ್ದು ಕಂಪ್ಯೂಟರಿನ ಚಾಕು ಮಾತ್ರ. ಅದನ್ನೇಕೆ ಪೂಜೆಗಿಡಲಿಲ್ಲ ಎಂದು ಇವರು ಕೇಳಿದ್ದಕ್ಕೆ ಅತ್ತೆ, ಅದು ಷೋಕೇಸಿನ ಸಾಮಾನಲ್ವೇನೋ ಎಂದರಂತೆ.

ಅಂಗಡಿಯಲ್ಲಿ ಮೊಬೈಲಿನವರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಒಂದು ತುದಿ ಹಿಡ್ಕೊಳ್ಳಿ ಮೇಡಂ ಎಂದು ನನಗೇ ಕೊಟ್ಟಿದ್ದರು. ಅಪ್ಪನ ಫೋಟೋದ ಕೆಳಗೆ ಆ ತುದಿ ಹಿಡಿದು, ಫೋಟೋದ ಕಡೆ ತಲೆ ಎತ್ತದೆ ನಿಂತಿದ್ದೆ.

ಆಗ ಬಜಾರಿನ ಆ ತುದಿಯಲ್ಲಿ ಗದ್ದಲ ಕೇಳಿತು. ಬಾಳೆಕಂದು, ಚೆಂಡುಹೂವಿನ ಹಾರ ಹಾಕಿಕೊಂಡ ಸ್ಕೂಟರೊಂದು ಬರುತ್ತಿತ್ತು. ಮೇಲೆ ರೇಷ್ಮೆ ಪಂಚೆಯಲ್ಲಿ ನಮ್ಮ ಮನೆಯವರು. ಕಾಲ ಮಧ್ಯೆ ಕುಂಬಳಕಾಯಿ. ಅದರ ನೆತ್ತಿಯಲ್ಲಿ ಒಂದು ಅಲಗು ಅರ್ಧ ಹೂತು ನಿಂತಿತ್ತು. ಅಲಗಿಗೆ ಹಿಡಿಯೇ ಇರಲಿಲ್ಲ, ಅದು ಇವರ ಜೇಬಿನಲ್ಲಿತ್ತು. ಹಿಂದೆ ಹತ್ತಿಪ್ಪತ್ತು ಜನ, ಇದು ಯಾವ ಹೊಸ ಥರದ ಪೂಜೆಯೆಂದು ನೋಡಲು ಬಂದಿದ್ದರು.

ಇವರು ಕುಂಬಳಕಾಯಿಯನ್ನು ಕೌಂಟರ್ ಮೇಲಿಟ್ಟು ಬೆವರು ಒರೆಸಿಕೊಂಡರು. ಅಲಗು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲವಂತೆ. ಮನೆಯಲ್ಲಿ ಹಬ್ಬಕ್ಕೆ ಬಂದ ಇವರ ಅಕ್ಕ, ಭಾವ, ಎಲ್ಲರೂ ಎಲೆ ಹಾಕಿಕೊಂಡು ಕಾಯುತ್ತಿದ್ದಾರಂತೆ. ಒಂದು ಒಳ್ಳೆ ಚಾಕು ಕೊಡು ಎಂದು ಕೈ ಚಾಚಿದರು.

"ಕೈಗೆ ಕೊಡಲ್ಲ" ಎಂದೆ. "ಜಗಳ ಆಗುತ್ತೆ."

"ಇನ್ನು ಆಗೋದು ಏನು ಉಳಿದಿದೆ ಮಾರಾಯ್ತಿ?"

ಟೇಪಿನ ತುದಿ ಬಿಟ್ಟು, ಮಾರಾಟಕ್ಕಿಟ್ಟ ಭದ್ರಾವತಿಯ ದೊಡ್ಡ ಚಾಕು ತೆಗೆದು ಕೌಂಟರ್ ಮೇಲಿಟ್ಟೆ. ಇವರು ಎತ್ತಿಕೊಂಡು, ಹೂತ ಅಲಗಿನ ಪಕ್ಕದಲ್ಲೇ ಊರಿ ಒತ್ತಿದರು. ಕುಂಬಳಕಾಯಿ ಎರಡು ಹೋಳಾಗಿ ಆಚೆಗೊಂದು ಈಚೆಗೊಂದು ಬಿತ್ತು. ಕಂಪ್ಯೂಟರಿನ ಅಲಗು ಠಣ್ಣೆಂದು ನೆಲಕ್ಕೆ ಬಿತ್ತು. ನನಗೆ ಆದ ಸಂತೋಷ ಹೇಳತೀರದು, ಅಪ್ಪನ ಫೋಟೋದ ಕಡೆ ತಿರುಗಿ ಕೈ ಮುಗಿದೆ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಗುಂಪಿನಲ್ಲಿದ್ದ ಒಬ್ಬರು ಮುಂದೆ ಬಂದು, ಈ ಡೆಮೊ ದಿನಾ ಇರುತ್ತಾ ಎಂದು ಕೇಳಿದರು.

ಇವರು ನನ್ನ ಮುಖ ನೋಡಿದರು. ಗೋಡೆಗೆ ಒರಗಿ ನಿಂತಿದ್ದ ಮೊಬೈಲಿನವರನ್ನೂ ನೋಡಿದರು. "ಅಂಗಡಿ ಇರೋವರೆಗೂ ಇರುತ್ತೆ" ಎಂದರು.

ಮೊಬೈಲಿನವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ವ್ಯಾಪಾರಸ್ಥರಲ್ಲವೇ, ಗಾಳಿ ಬೀಸಿದ ದಿಕ್ಕು ತಿಳಿಯಿತು. ಮನೆಯಲ್ಲಿ ತಮ್ಮ ಕುಂಬಳಕಾಯಿಯೂ ಹಾಗೇ ಇದೆ, ಅಂಥದ್ದೇ ಒಂದು ಚಾಕು ಕೊಡಿ ಎಂದು ಕೈ ಚಾಚಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ರೇಷ್ಮೆ ಪಂಚೆ ಅಡ್ಡ ಬಂತು.

"ನಮ್ಮ ಅಂಗಡೀಲಿ ಕೈಗೆ ಕೊಡಲ್ಲ ಕಣ್ರೀ. ಕೌಂಟರ್ ಮೇಲಿಂದ ತಗೊಳ್ಳಿ."