ಖಾಲಿ ಮುಖದ ರಟ್ಟು

ನನ್ನ ಈ ಗೆಳೆಯನಿಗೆ ಮೂಗು ಬಿಡಿಸಲು ಬರುತ್ತಿರಲಿಲ್ಲ. ಆದರೂ ತಾನು ದೊಡ್ಡ ಚಿತ್ರಕಾರನೆಂದು ಸೊಲ್ಲಾಪುರವೆಲ್ಲ ಹೇಳಿಕೊಂಡು ತಿರುಗುತ್ತಿದ್ದ! ಅವನ ಕೈಗೆ ಸಿಕ್ಕ ಮೂಗು ಒಂದಾದರೂ ನೆಟ್ಟಗೆ ನಿಂತಿದ್ದರೆ ಕೇಳಿ.

ಎಪ್ಪತ್ತರ ದಶಕದ ಮಾತು. ಅವನು ಅರಿವೆ ಅಂಗಡಿಯವರ ಮಗ, ನಾನು ಅಕ್ಕಲಕೋಟೆ ಕಡೆಯ ಒಕ್ಕಲುತನದ ಮನೆಯವನು. ಕಾಲೇಜಿನಲ್ಲಿ ಒಂದೇ ಬೆಂಚು. ಬಟ್ಟೆಯ ಥಾನಿನೊಳಗಿನ ರಟ್ಟು ಎಳೆದು, ಅದರ ಮೇಲೆ ಚಿತ್ರ ಬಿಡಿಸಿ, ಶನಿವಾರ ನನ್ನ ಮುಂದೆ ಒಗೆಯುವನು.

"ತಗೋ, ಸೋಮವಾರದೊಳಗ ಇದಕ್ಕೊಂದು ಕವಿತಾ ಬರಿ. ದಮ್ಮ ಐತೇನ್ ಮಗನ?"

ಮುಂದಿನ ವಾರ ನನ್ನ ಕವಿತೆಗೆ ಅವನ ಚಿತ್ರ. ಮರಾಠಿ ಸಾಲೆಯಲ್ಲಿ ಕಲಿತವನು, ಕನ್ನಡ ಓದಲು ಬಾರದು. ನಾನೇ ಓದಿ ಹೇಳಬೇಕು! ಮೇಲೊಂದು ಕರಾರು: ಯಾರು ಮೊದಲು "ಚಂದ ಐತಿ" ಅನ್ನುತ್ತಾರೋ ಅವರು ಸೋತಂತೆ, ಭಜಿ ಕೊಡಿಸಬೇಕು. ಹೊಗಳಿದರೆ ಕೈ ಕೆಡುತ್ತದೆಂಬುದು ಅವನ ಸಿದ್ಧಾಂತ. ಮೂರು ವರ್ಷ ಒಬ್ಬರೂ ಭಜಿಯ ಮುಖ ನೋಡಲಿಲ್ಲ.

ಒಮ್ಮೆ ನನ್ನ ಅಪ್ಪ ಊರಿಂದ ಶೇಂಗಾದ ಗಂಟು ಹೊತ್ತು ಗೆಳೆಯನ ಅಂಗಡಿಗೆ ಬಂದ. ಎತ್ತು ಹಾಯ್ದು ಡೊಂಕಾದ ತನ್ನ ಮೂಗನ್ನು ರಟ್ಟಿನ ಹತ್ತಿರ ಒಯ್ದು ಬಹಳ ಹೊತ್ತು ನೋಡಿದ.

"ಸಾವಕಾರ್ರ, ಎಮ್ಮಿ ಭಾಳ ಚಲೋ ಬಂದೈತ್ರಿ."

ಅದು ಕುದುರೆಯಾಗಿತ್ತು!

ಕೊನೆಯ ವರ್ಷ ಇಂಗ್ಲಿಷಿನಲ್ಲಿ ನಾನು ನಪಾಸಾದೆ. ಸಾಕು ಈ ಓದು, ಊರಿಗೆ ಹೋಗಿ ಹೊಲದಲ್ಲಿ ಗಳೆ ಹೊಡೆಯುತ್ತೇನೆ ಎಂದು ಟ್ರಂಕು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ. ಪುಣ್ಯಾತ್ಮ ಅಲ್ಲಿಗೂ ಬಂದ, ಕಂಕುಳಲ್ಲಿ ರಟ್ಟು! ಅದರ ಮೇಲೆ ಕರಿ ಗೌನು ತೊಟ್ಟವನ ಚಿತ್ರ, ಕೈಯಲ್ಲಿ ಪದವಿಯ ಸುರುಳಿ. ಮುಖದ ಜಾಗ ಮಾತ್ರ ಖಾಲಿ.

"ಮಾರಿ ಎಲ್ಲೈತೋ?"

"ನೀ ಪಾಸಾಗಿ ಬಾ, ತುಂಬತೀನಿ. ಈ ಸಲದ ಪಂಥ ಇದ."

"ಮೂಗು ಬರೂದಿಲ್ಲಂತ ಬಿಟ್ಟೀನಿ ಅನ್ನು!"

"ಹೌದ್ಲೇ. ನೀ ಇಂಗ್ಲಿಷ್ ಕಲಿ, ನಾ ಮೂಗು ಕಲೀತೀನಿ."

ಬಸ್ಸು ಹೋಯಿತು. ನಾನು ಹೋಗಲಿಲ್ಲ.

ಮರುಪರೀಕ್ಷೆಯಲ್ಲಿ ಪಾಸಾದೆ. ಹೆಬ್ಬೆಟ್ಟು ಒತ್ತುತ್ತ ಬಂದ ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನೇ! ಎದೆ ಉಬ್ಬಿಸಿಕೊಂಡು ಅಂಗಡಿಗೆ ಹೋದೆ. ಅವನು ರಟ್ಟು ತಿರುಗಿಸಿದ.

ಗೌನಿನ ಮೇಲೆ ನನ್ನ ಮುಖವಿರಲಿಲ್ಲ. ರುಮಾಲು ಸುತ್ತಿದ ಅಪ್ಪನ ಮುಖವಿತ್ತು. ಆ ಡೊಂಕು ಮೂಗು ಕೂದಲೆಳೆಯಷ್ಟೂ ತಪ್ಪದೆ ಬಂದಿತ್ತು.

"ಚಂದ ಐತಲೇ," ಅಂದುಬಿಟ್ಟೆ.

ಅವನು ಗಾದಿಯಿಂದ ಎದ್ದು ಚಪ್ಪಲಿ ಮೆಟ್ಟಿದ.

"ಸೋತಿ. ನಡಿ, ಭಜಿ ಕೊಡಸು. ಅಪ್ಪಾರಿಗೂ ಒಂದು ಪುಡಿಕಿ ಕಟ್ಟಸು."